ಮಹಡಿಯ ಮೇಲಿನ ಮೆಕ್ಸಿಕೋ

ನನ್ನ ಬಾಲ್ಯವೆಂದರೆ ಒಂದು ವಾಸನೆ. ನೀಲಿಯಲ್ಲಿ ಅದ್ದಿ ಒಣಗಿಸಿದ ಹೊಸ ಹತ್ತಿಬಟ್ಟೆ, ಅದಕ್ಕೆ ಸೇರಿಕೊಂಡ ಹೊಲಿಗೆ ಯಂತ್ರದ ಎಣ್ಣೆ. ಗ್ಯೋದಾದ ನಮ್ಮ ಬೀದಿಯಲ್ಲಿ ಆಗ ಮನೆಮನೆಯಲ್ಲೂ ತಾಬಿ ಹೊಲಿಯುತ್ತಿದ್ದರು, ಹೆಬ್ಬೆರಳಿಗೆ ಬೇರೆ ಗೂಡು ಇರುವ ಕಾಲುಚೀಲಗಳನ್ನು. ಬೇಸಿಗೆಯಲ್ಲಿ ಶಾಲೆಯಿಂದ ಬರುವಾಗ ಆ ವಾಸನೆ ಬೀದಿಯ ತುದಿಗೇ ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತಿತ್ತು. ಟೋಕಿಯೋದ ಮಹಿಳಾ ಕಾಲೇಜಿನಲ್ಲಿ ಗೃಹವಿಜ್ಞಾನ ಓದಿ, ಆರು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಅಪ್ಪ ಹಾಸಿಗೆ ಹಿಡಿದಾಗ ನಾನು ಊರಿಗೆ ಮರಳಿದೆ. ಅಷ್ಟರಲ್ಲಿ ತಾಬಿ ಕೇಳುವವರು ಕಡಿಮೆಯಾಗಿದ್ದರು. ಒಂದು ದಿನ ಕುಸ್ತಿ ಕಂಪನಿಯೊಂದರ ಮ್ಯಾನೇಜರು ತಮ್ಮ ಕುಸ್ತಿಪಟುವಿನ ಹರಿದ ಮುಖವಾಡವೊಂದನ್ನು ತಂದು ನಮ್ಮ ಅಂಗಡಿಯ ಮೇಜಿನ ಮೇಲೆ ಇಟ್ಟರು.

"ಬೆರಳ ತುದಿ ಇಷ್ಟು ದುಂಡಗೆ ಹೊಲೀತೀರಲ್ಲ, ಮೂಗು ಹೊಲಿಯೋಕೆ ಬರಲ್ವಾ?" ಎಂದರು.

ಬಂತು. ಆಮೇಲೆ ಮೂವತ್ತು ವರ್ಷ ನಾನು ಅದನ್ನೇ ಮಾಡಿದೆ.

ಆ ಮುಖವಾಡ ನುಕಾದಾ ಅವರದು. ರಿಂಗಿನಲ್ಲಿ ಅವರ ಹೆಸರು ಕಾವಾಸೆಮಿ, ಅಂದರೆ ಮಿಂಚುಳ್ಳಿ. ನೆತ್ತಿಯ ಮೇಲೆ ನೀಲಿ ಹಸಿರು, ಗಲ್ಲದ ಕೆಳಗೆ ಕಿತ್ತಳೆ ಬಣ್ಣ. ಮೇಲಿನ ಹಗ್ಗವನ್ನು ಹತ್ತಿ ಎದುರಾಳಿಯ ಮೇಲೆ ಎರಗುವಾಗ, ಹಕ್ಕಿ ನೀರಿಗೆ ಬಿದ್ದ ಹಾಗೇ ಕಾಣುತ್ತಿತ್ತು. ಮುಖವಾಡ ಕಳಚಿದರೆ ಅಂಚೆ ಕಚೇರಿಯ ಗುಮಾಸ್ತರಂತಿದ್ದರು. ಮಂಡಿ ಸವೆದು ಅವರು ನಿವೃತ್ತರಾದ ಮೇಲೆ ಮಗ ಕಿಯೊತೊ ಅದೇ ಕಂಪನಿಯ ಗರಡಿಗೆ ಸೇರಿದ. ಹೊಸ ಹುಡುಗರೆಲ್ಲರ ಹಾಗೆ ಕಪ್ಪು ಚಡ್ಡಿ, ಕಪ್ಪು ಬೂಟು, ಬರಿಯ ಮುಖ. ಎರಡೂವರೆ ವರ್ಷ ಸೋತದ್ದೇ ಸೋತದ್ದು. ಪತ್ರಿಕೆಯವರು ಮಾತ್ರ ಒಮ್ಮೆಯೂ ಅವನ ಹೆಸರನ್ನು ಒಂಟಿಯಾಗಿ ಬರೆಯಲಿಲ್ಲ. ಅದರ ಹಿಂದೆ ಮುಂದೆ ಎಲ್ಲಾದರೂ "ಮಿಂಚುಳ್ಳಿಯ ಮಗ" ಅಂತ ಇರಲೇಬೇಕು.

ಅವನು ನನ್ನ ಮನೆಗೆ ಬಂದದ್ದು ಹೇಸೇ ಎಂಟನೇ ವರ್ಷದ, ಅಂದರೆ 1996ರ ಜುಲೈ ತಿಂಗಳಲ್ಲಿ. ಸಂಜೆ ಕಂಪನಿಯ ಯಜಮಾನರಾದ ಇಸೋಗೈ ಅವರ ಕಾರು ಹಿಂದಿನ ಓಣಿಯಲ್ಲಿ ನಿಂತಿತು. ಮೊದಲು ಇಸೋಗೈ ಇಳಿದರು, ಆಮೇಲೆ ಮೊಣಕಾಲಿಗೆ ಗಲ್ಲ ತಾಗುವಷ್ಟು ಮುದುರಿಕೊಂಡಿದ್ದ ದೊಡ್ಡ ಹುಡುಗನೊಬ್ಬ ಇಳಿದ.

"ಫುಮಿ-ಸಾನ್, ಎರಡೇ ತಿಂಗಳು," ಎಂದರು ಇಸೋಗೈ, ಚಪ್ಪಲಿ ಬಿಡುವ ಮೊದಲೇ. "ಮೆಕ್ಸಿಕೋದವರು ಕೈಕೊಟ್ಟರು. ಇವನನ್ನ ಕರೆಸಿಕೊಳ್ಳಬೇಕಿದ್ದ ಕಂಪನಿ ಬಾಗಿಲು ಹಾಕಿಬಿಡ್ತು. ಇಲ್ಲಿ ನೋಡಿದರೆ ಬೀಳ್ಕೊಡುಗೆ ಪಂದ್ಯ ಆಗಿಹೋಗಿದೆ, ಹೂಗುಚ್ಛ ಕೊಟ್ಟಾಗಿದೆ, ಪತ್ರಿಕೇಲಿ ಫೋಟೋ ಬಂದಾಗಿದೆ. ವಿಮಾನ ನಿಲ್ದಾಣದಲ್ಲಿ ಹುಡುಗೀರು ಅತ್ತಿದ್ದೂ ಆಗಿದೆ."

"ಅವರು ಅಳೋವಾಗ ಇವನು ಎಲ್ಲಿದ್ದ?"

"ಟಾಟಾ ಮಾಡಿ ಒಳಗೆ ಹೋಗಿ, ಅವರು ಮನೆಗೆ ಹೋಗೋವರೆಗೂ ಕಕ್ಕಸಲ್ಲಿ ಕೂತಿದ್ದ."

ಹುಡುಗ ನೆಲಕ್ಕೆ ಹಣೆ ಮುಟ್ಟುವಷ್ಟು ಬಾಗಿ, "ತೊಂದರೆ ಕೊಡ್ತಿದೀನಿ, ಅತ್ತೆ," ಎಂದ.

ನಮ್ಮ ಕಸುಬಿನ ಒಂದು ರೂಢಿ ಇದು. ಹೊಸ ಹುಡುಗ ಎರಡು ಮೂರು ವರ್ಷ ಸೋತ ಮೇಲೆ ಅವನನ್ನು ಹೊರದೇಶಕ್ಕೆ ಕಳಿಸುತ್ತಾರೆ. ಅವನು ಬೇರೆ ಬಣ್ಣ, ಬೇರೆ ಪಟ್ಟು, ಕೆಲವೊಮ್ಮೆ ಬೇರೆ ಹೆಸರು ಹೊತ್ತು ವಾಪಸು ಬರುತ್ತಾನೆ. ಕಿಯೊತೊ ಸೆಪ್ಟೆಂಬರಿನಲ್ಲಿ ಎರಡನೆಯ ಮಿಂಚುಳ್ಳಿಯಾಗಿ ಬರಬೇಕಿತ್ತು. ಒಳಗಿರುವವನು ಯಾರೆಂದು ಎಲ್ಲರಿಗೂ ತಿಳಿದಿರುತ್ತದೆ, ಯಾರೂ ಹೇಳುವುದಿಲ್ಲ. ಅದು ನಮ್ಮವರ ಸಭ್ಯತೆ. ಆದರೆ ಆ ದಿನದಿಂದ ರಿಂಗಿನಲ್ಲಿ ನುಕಾದಾ ಕಿಯೊತೊ ಎಂಬ ಹೆಸರನ್ನು ಮತ್ತೆ ಯಾರೂ ಕೂಗುವುದಿಲ್ಲ. ಅಲ್ಲಿಯವರೆಗೆ ಅವನು ಮೆಕ್ಸಿಕೋದಲ್ಲಿರಬೇಕು. ಮೆಕ್ಸಿಕೋ ಎಂದರೆ ನಮ್ಮ ಮನೆಯ ಮಹಡಿ.

ತಗಡಿನ ಮಾಡಿನ ಕೆಳಗೆ ಆರು ಚಾಪೆಯ ಕೋಣೆ. ಬೀದಿ ಕಡೆಯ ಕಿಟಕಿ ತೆರೆಯುವ ಹಾಗಿಲ್ಲ. ಬೆಳಿಗ್ಗೆ ಐನೂರು ಬಸ್ಕಿ. ಕೆಳಗೆ ಗಿರಾಕಿ ಬಂದರೆ ಅರ್ಧಕ್ಕೇ ನಿಲ್ಲಿಸಬೇಕು, ಇಲ್ಲದಿದ್ದರೆ ಸೂರು ನಡುಗುತ್ತಿತ್ತು. ಮಧ್ಯಾಹ್ನ ಒಂದು ಗಂಟೆ ಬಟ್ಟೆ ಒಣಹಾಕುವ ಅಟ್ಟಣೆಯ ಮೇಲೆ, ಸುತ್ತ ಹಾಸಿಗೆಯ ಹೊದಿಕೆಗಳನ್ನು ನೇತುಹಾಕಿ, ನಡುವೆ ಅವನನ್ನು ಮಲಗಿಸುತ್ತಿದ್ದೆ. ಮೆಕ್ಸಿಕೋದಿಂದ ಬಂದವನು ಬಿಳಿಚಿಕೊಂಡಿದ್ದರೆ ಹೇಗೆ? ಅರ್ಧ ಗಂಟೆ ಬೆನ್ನು, ಅರ್ಧ ಗಂಟೆ ಹೊಟ್ಟೆ.

"ಅತ್ತೆ, ತಿರುವಿ ಹಾಕೋ ಹೊತ್ತಾಯ್ತಾ?"

"ಇನ್ನೂ ಬೆಂದಿಲ್ಲ. ಮಲಕ್ಕೋ."

ಸಂಜೆ ಒಂದು ಗಂಟೆ ಹೊಸ ಮುಖವಾಡ ಹಾಕಿಕೊಂಡು ಉಸಿರಾಟದ ಅಭ್ಯಾಸ. ಅದನ್ನು ನಾನು ಅವನ ಅಪ್ಪನ ಹಳೆಯ ಅಳತೆ ಕಾಗದ ಇಟ್ಟುಕೊಂಡೇ ಕತ್ತರಿಸಿದ್ದೆ. ಮಗನಲ್ಲವೇ, ಬೇರೆ ಅಳತೆ ಏಕೆಂದುಕೊಂಡೆ. ನಾಲ್ಕು ದಿನ ಅವನು ಏನೂ ಹೇಳಲಿಲ್ಲ. ಐದನೆಯ ದಿನ ಲೇಸು ಬಿಚ್ಚುವಾಗ ಅವನ ದವಡೆಯ ಎರಡೂ ಕಡೆ ಕೆಂಪಗೆ ಬರೆ ಎದ್ದಿದ್ದು ಕಂಡಿತು.

"ಬಿಗಿ ಅಂತ ಹೇಳಬಾರದಾ ಮಾರಾಯ?"

"ಅಪ್ಪಂಗೆ ಸರಿ ಇತ್ತಲ್ಲ ಅಂತ..." ಎಂದ.

ಟೇಪು ತಂದು ಅಳೆದೆ. ದವಡೆ ಅವನ ತಾಯಿಯದು. ಅಳೆಯುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು, ತಲೆ ಸವರಿಸಿಕೊಳ್ಳುವ ಕರುವಿನ ಹಾಗೆ ಕೂತಿದ್ದ. ಇವನ ಅಳತೆಯನ್ನು ಇವನಿಗಾಗಿಯೇ ತೆಗೆದದ್ದು ಬಹುಶಃ ಅದೇ ಮೊದಲು.

ವಾರಪತ್ರಿಕೆಯೊಂದು "ಮೆಕ್ಸಿಕೋ ಪತ್ರ" ಎಂಬ ಅಂಕಣಕ್ಕೆ ಜಾಗ ಕಾದಿರಿಸಿತ್ತು. ಅವನ ಹೆಸರಿನಲ್ಲಿ ಅದನ್ನೂ ನಾನೇ ಬರೆಯಬೇಕಾಯಿತು. ಗ್ರಂಥಾಲಯದಿಂದ ಪ್ರವಾಸದ ಪುಸ್ತಕ ತಂದು, "ಇಲ್ಲಿ ಎತ್ತರ ಹೆಚ್ಚು, ಉಸಿರಾಡುವುದೇ ಕಷ್ಟ" ಎಂದು ಬರೆದು ಓದಿ ತೋರಿಸಿದೆ.

"ಇದೊಂದು ನಿಜ," ಎಂದ ಕಿಯೊತೊ.

ಗುಟ್ಟು ಪೂರ್ತಿ ನಿಂತಿತ್ತೆಂದು ಹೇಳಲಾರೆ. ಪಕ್ಕದ ಮನೆಯ ಓಕುನಿ-ಸಾನ್ ಒಂದು ದಿನ ಬೇಲಿಯ ಆಚೆಯಿಂದ ಕೇಳಿದರು: "ಫುಮಿ-ಸಾನ್, ಹಗ್ಗದ ಮೇಲೆ ಒಣಗ್ತಿರೋದು ಒಳಚಡ್ಡೀನೋ ಡೇರೆನೋ?"

"ನನ್ನ ತಮ್ಮ ಬಂದಿದ್ದಾನೆ."

"ಓ, ತಮ್ಮ," ಎಂದರು. ನನಗೆ ತಮ್ಮನಿಲ್ಲವೆಂದು ಅವರಿಗೆ ಐವತ್ತು ವರ್ಷದಿಂದ ಗೊತ್ತು. ಮರುದಿನದಿಂದ ನಮ್ಮ ಹಿತ್ತಲ ಬಾಗಿಲಲ್ಲಿ ಸೌತೆಕಾಯಿಗಳ ರಾಶಿ ಒಬ್ಬಳು ಮುದುಕಿಗೆ ಬೇಕಾದುದಕ್ಕಿಂತ ಬಹಳ ದೊಡ್ಡದಾಗಿರತೊಡಗಿತು.

ಆಗಸ್ಟ್ ಹತ್ತರ ಸುಮಾರಿಗೆ ಕಂಪನಿಯಿಂದ ಪತ್ರಗಳ ಕಟ್ಟು ಬಂತು. ಮೆಕ್ಸಿಕೋ ವಿಳಾಸ ಕೇಳಿ ಅಭಿಮಾನಿಗಳು ಕಂಪನಿಗೆ ಕೊಟ್ಟುಹೋದ ಪತ್ರಗಳು. ನಡುವೆ ಒಂದು ತೊಗಾಶಿಯದು.

ತೊಗಾಶಿ ಯಾಮಾಗಾತಾದ ರೈತರ ಮನೆಯ ಹುಡುಗ. ಕಿಯೊತೊಗಿಂತ ಒಂದು ವರ್ಷ ದೊಡ್ಡವನು, ಗರಡಿಗೆ ಮೂರು ತಿಂಗಳು ಮೊದಲು ಸೇರಿದವನು. ಅವನ ವಿಷಯ ನನಗೆ ಆಗಲೇ ಸಾಕಷ್ಟು ಗೊತ್ತಿತ್ತು, ಏಕೆಂದರೆ ಮಹಡಿಯ ಮೇಲೆ ಕಿಯೊತೊ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಅವನೊಬ್ಬನ ಬಗ್ಗೆಯೇ. ಗರಡಿಯಲ್ಲಿ ಮೊದಲ ದಿನ ಯಾರೂ ಕಿಯೊತೊಗೆ ಕೆಲಸ ಹೇಳಲಿಲ್ಲವಂತೆ. ಬೈಯಲಿಲ್ಲ, ಹತ್ತಿರವೂ ಬರಲಿಲ್ಲ. ಮಿಂಚುಳ್ಳಿಯ ಮಗನಿಗೆ ಏನಾದರೂ ಅಂದು ಯಾರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ? ಗೋಡೆಗೆ ಒರಗಿ ನಿಂತಿದ್ದವನ ಕಾಲ ಬಳಿ ಒಂದು ಬಕೆಟ್ ಬಂದು ಬಿತ್ತಂತೆ.

"ನಿಮ್ಮಪ್ಪ ಹಕ್ಕಿ ಇರಬಹುದು ಕಣೋ. ನೀನು ಸದ್ಯಕ್ಕೆ ಕಕ್ಕಸು ತೊಳಿ," ಎಂದನಂತೆ ತೊಗಾಶಿ.

ಅದನ್ನು ಹೇಳುವಾಗ ಕಿಯೊತೊನ ಮುಖ ಅರಳುತ್ತಿತ್ತು. ಯಾರಾದರೂ ತನ್ನನ್ನು ಸನ್ಮಾನಿಸಿದ್ದನ್ನು ಹೇಳುತ್ತಿರುವ ಹಾಗೆ.

ಪಂದ್ಯದ ದಿನಗಳಲ್ಲಿ ಅವರಿಬ್ಬರಿಗೂ ಒಂದೇ ಕೆಲಸ. ದೊಡ್ಡ ಕುಸ್ತಿಪಟುವಿನ ಹೆಸರು ಕೂಗಿದಾಗ ಅಭಿಮಾನಿಗಳು ಬಣ್ಣದ ಕಾಗದದ ಸುರುಳಿಗಳನ್ನು ರಿಂಗಿಗೆ ಎಸೆಯುತ್ತಾರೆ. ಅವು ಗಾಳಿಯಲ್ಲಿ ಬಿಚ್ಚಿಕೊಂಡು ರಾಶಿಯಾಗಿ ಬೀಳುತ್ತವೆ. ಗಂಟೆ ಹೊಡೆಯುವ ಮೊದಲು ಹೊಸ ಹುಡುಗರು ನುಗ್ಗಿ ಎಲ್ಲವನ್ನೂ ಎರಡು ತೋಳುಗಳಲ್ಲಿ ಬಾಚಿ, ಜಾರದಂತೆ ಗಲ್ಲದಿಂದ ಒತ್ತಿ ಹಿಡಿದು, ಹಿಂದೆ ಹಿಂದೆ ನಡೆದು ರಿಂಗಿನಿಂದ ಇಳಿಯಬೇಕು. ಒಂದು ಎಳೆ ಉಳಿದರೂ ಕಾಲಿಗೆ ಸುತ್ತಿಕೊಂಡು ಅನಾಹುತ. ಇವರಿಬ್ಬರೂ ಎಂಟು ಎಣಿಸುವುದರೊಳಗೆ ಮುಗಿಸುತ್ತಿದ್ದರಂತೆ. ಎರಡೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಮುನ್ನೂರು ಸಲ.

ಪತ್ರವನ್ನು ಕಿಯೊತೊ ನಿಂತುಕೊಂಡೇ ಓದಿದ. ಆಮೇಲೆ ನನಗೆ ಕೊಟ್ಟು ಗೋಡೆಯ ಕಡೆ ತಿರುಗಿ ಕೂತ.

"ಮೆಕ್ಸಿಕೋದಲ್ಲಿ ಹುಡುಗಿಯರು ಹೇಗಿದ್ದಾರೆ?" ಎಂದು ಪತ್ರ ಶುರುವಾಗಿತ್ತು. "ನನ್ನ ಎಡಗೈ ಬೆರಳು ಜುಮ್ ಅನ್ನೋದು ನಿಲ್ಲಲಿಲ್ಲ. ಕತ್ತಿನ ಮೂಳೆ ಅಂತ ಡಾಕ್ಟರು ಹೇಳಿದರು. ಇನ್ನೊಂದು ಸಲ ಬಿದ್ದರೆ ಚಮಚ ಹಿಡಿಯೋಕೂ ಆಗಲ್ಲವಂತೆ. ಅದಕ್ಕೇ ನಿಲ್ಲಿಸ್ತಿದೀನಿ. ಇಪ್ಪತ್ತೈದನೇ ತಾರೀಕು ಭಾನುವಾರ ಕುಮಗಾಯಾದಲ್ಲಿ ನನ್ನ ನಿವೃತ್ತಿಗೆ ರಿಂಗಿನ ಗಂಟೆ ಹತ್ತು ಸಲ ಹೊಡೀತಾರೆ. ನನ್ನಂಥವನಿಗೂ ಹತ್ತು ಗಂಟೆ! ನಮ್ಮ ಗರಡಿ ಹಿರಿಯರು ಓನುಕಿ-ಸಾನ್ ಯಜಮಾನರ ಹತ್ತಿರ ಹೋಗಿ ಕೇಳಿಕೊಂಡರಂತೆ. ಒಂದು ಮಾತು. ಇದು ನಿನ್ನ ಬೀಳ್ಕೊಡುಗೆ ಪಂದ್ಯದಿಂದ ಆಗಿದ್ದಲ್ಲ. ಹಿಂದಿಂದಲೂ ಇತ್ತು. ತಲೆ ಕೆಡಿಸಿಕೊಂಡೀಯ ಜೋಕೆ."

ಬೀಳ್ಕೊಡುಗೆ ಪಂದ್ಯ ಅವರಿಬ್ಬರ ನಡುವೆಯೇ ನಡೆದಿತ್ತು.

"ಸುಳ್ಳು," ಎಂದ ಕಿಯೊತೊ, ಗೋಡೆಗೆ. "ಕೊನೇ ಎಸೆತ. ನಾನು ಹಿಂದಕ್ಕೆ ಬಾಗೋವಾಗ ಸೊಂಟ ಸಾಲದೇ ಹೋಯ್ತು. ಅವನ ತಲೆ ಮೊದಲು ನೆಲಕ್ಕೆ ಬಡೀತು. ಶಬ್ದ ಕೇಳಿಸ್ತು ಅತ್ತೆ. ಅವನು ಎದ್ದು ನಿಂತು ನನ್ನ ಕೈ ಎತ್ತಿ ಹಿಡಿದ. ಬಲಗೈಯೊಂದರಲ್ಲೇ, ಎಡಗೈ ಜೋತುಬಿದ್ದಿತ್ತು. ನಾನು ಅದನ್ನ ನೋಡಿದೆ. ನೋಡಿಯೂ ಹೂಗುಚ್ಛ ತಗೊಂಡು ಹೋದೆ."

ನಾನು ಬಾರ್ಲಿ ಚಹಾ ತಂದು ಪಕ್ಕದಲ್ಲಿಟ್ಟೆ.

"ನಾನು ಅವನ ಮುಂದೆ ತಲೆ ಬಾಗಿಸಬೇಕು," ಎಂದ. "ಇಪ್ಪತ್ತೈದಕ್ಕೆ ಅವನು ಊರಿಗೆ ಹೋಗ್ತಾನೆ. ಆಮೇಲೆ ನಾನು ಮುಖವಾಡದೊಳಗೆ ಇರ್ತೀನಿ. ಕುಮಗಾಯಾ ಇಲ್ಲಿಂದ ರೈಲಲ್ಲಿ ಇಪ್ಪತ್ತು ನಿಮಿಷ ಅತ್ತೆ. ಮೆಕ್ಸಿಕೋದಿಂದ ಎಷ್ಟು ದೂರ?"

ಮರುದಿನ ನಾನು ಇಸೋಗೈ ಅವರಿಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ. ಬೇಸರದಿಂದಲೇ ಹೇಳಿದರು: "ಫುಮಿ-ಸಾನ್, ಅವನು ಅಲ್ಲಿ ಕಾಣಿಸಿಕೊಂಡರೆ ಕಂಪನಿ ಸುಳ್ಳು ಹೇಳ್ತು ಅಂತಾಗುತ್ತೆ. ಸೆಪ್ಟೆಂಬರಿನ ಮಿಂಚುಳ್ಳಿನ ಯಾರು ನಂಬ್ತಾರೆ? ಮೂವತ್ತು ಜನರ ಅನ್ನ ಅದರ ಮೇಲಿದೆ. ಆಗಲ್ಲ."

ಕಿಯೊತೊನ ಅಪ್ಪ ವಾರಕ್ಕೊಮ್ಮೆ ಬರುತ್ತಿದ್ದರು, ಮಂಡಿ ಎಳೆದುಕೊಂಡು, ಪ್ರತಿಸಲವೂ ನನಗೊಂದು ಕಲ್ಲಂಗಡಿ ಹಣ್ಣು ಹೊತ್ತುಕೊಂಡು. ಆ ವಾರ ಕಿಯೊತೊ ಅವರ ಮುಂದೆ ಮಂಡಿಯೂರಿ ಕೇಳಿದ. ನಾನು ಅಲ್ಲೇ ಹೊಲಿಯುತ್ತ ಕುಳಿತಿದ್ದೆ.

"ಅಪ್ಪ, ಒಂದು ದಿನ ಬಿಡಿ. ಒಂದು ಗಂಟೆ."

"ನೀನು ಮೆಕ್ಸಿಕೋದಲ್ಲಿದೀಯ."

"ಅವನ ಕತ್ತು ನಾನು ಮುರಿದೆ ಅಪ್ಪ."

ನುಕಾದಾ ಚಹಾದ ಲೋಟವನ್ನು ಒಂದು ಸುತ್ತು ತಿರುಗಿಸಿದರು. "ನೀನು ಹುಟ್ಟಿದ ದಿನ ನಾನು ಎಲ್ಲಿದ್ದೆ ಗೊತ್ತಾ?" ಎಂದರು. "ಆಸ್ಪತ್ರೆ ಎದುರಿನ ನೂಡಲ್ ಅಂಗಡಿಯಲ್ಲಿ. ಮಿಂಚುಳ್ಳಿಗೆ ಸಂಸಾರ ಇಲ್ಲ ಅಂತ ಕಂಪನಿ ಹೇಳಿತ್ತು. ಬಾಗಿಲಲ್ಲಿ ಒಬ್ಬ ಪತ್ರಕರ್ತ ನಿಂತಿದ್ದ. ಮೂರು ಬಟ್ಟಲು ನೂಡಲ್ ತಿಂದೆ. ಅವನು ಹೋಗಲಿಲ್ಲ. ಇಷ್ಟೇ. ಮುಖವಾಡ ಹಾಕೋದು ಅಂದರೆ ಇಷ್ಟೇ."

"ಅದನ್ನ ನನಗೂ ಕೊಡ್ತಿದೀರಾ?" ಎಂದ ಕಿಯೊತೊ.

ಅವನ ದನಿ ಎತ್ತರವಿರಲಿಲ್ಲ. ಆದರೂ ನನ್ನ ಸೂಜಿ ನಿಂತಿತು. ನುಕಾದಾ ಎದ್ದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಹಿಂದೆಯೇ ಇಳಿದ ನನಗೆ ಎಂದಿಗಿಂತ ಸ್ವಲ್ಪ ಹೆಚ್ಚಾಗಿಯೇ ಬಾಗಿ ನಮಸ್ಕರಿಸಿ ಹೋದರು.

ಮುಂದಿನ ದಿನಗಳಲ್ಲಿ ಕಿಯೊತೊ ಬಸ್ಕಿ ಹೊಡೆಯಲಿಲ್ಲ, ಅಟ್ಟಣೆಗೂ ಬರಲಿಲ್ಲ. ಮುಚ್ಚಿದ ಕಿಟಕಿಯ ಕೆಳಗೆ ಕೂತಿರುತ್ತಿದ್ದ. ರೈಲಿನ ಶಬ್ದ ಕೇಳಿದಾಗ ಮಾತ್ರ ಅವನ ತಲೆ ಸ್ವಲ್ಪ ಎತ್ತಿಕೊಳ್ಳುತ್ತಿತ್ತು. ಬಾಗಿಲಿಗೆ ಬೀಗವಿರಲಿಲ್ಲ. ಅವನು ಎದ್ದು ಹೋಗಿದ್ದರೆ ಅರವತ್ತಕ್ಕೆ ಹತ್ತಿರವಾದ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಆದರೆ ಹಾಗೆ ಎದ್ದು ಹೋಗುವ ಹುಡುಗನಾಗಿದ್ದರೆ ಅವನಿಗೆ ಈ ಕಷ್ಟವೇ ಇರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಬ್ಬರಲ್ಲ ಒಬ್ಬರ ಮರ್ಯಾದೆಯನ್ನು ಕಾಯುತ್ತಾ ಬಂದವನು.

ಶನಿವಾರ ಬೆಳಿಗ್ಗೆ ಫೋನು ಬಂತು. ನುಕಾದಾ.

"ಫುಮಿ-ಸಾನ್, ನಾಳೆ ಕುಮಗಾಯಾದಲ್ಲಿ ಮಾರೋಕೆ ಮುಖವಾಡ ಕಡಿಮೆ ಬಿದ್ದಿದೆಯಂತೆ. ನಿಮ್ಮ ಹತ್ತಿರ ನನ್ನವು ಎಷ್ಟಿವೆ?"

ಅಭಿಮಾನಿಗಳು ಕೊಂಡು ಹಾಕಿಕೊಳ್ಳುವ ಅಗ್ಗದ ನಕಲು ಮುಖವಾಡಗಳನ್ನೂ ನಾನೇ ಹೊಲಿಯುತ್ತಿದ್ದೆ. "ನಲವತ್ತಿದೆ," ಎಂದೆ.

"ಭಾರ ಇರುತ್ತೆ. ಹೊರೋಕೆ ಯಾರನ್ನಾದರೂ ಕರ್ಕೊಂಡು ಹೋಗಿ." ಆಮೇಲೆ, "ಬಿಸಿಲು ಜಾಸ್ತಿ. ಹೊರೋರು ತಲೆಗೆ ಏನಾದರೂ ಹಾಕ್ಕೊಂಡರೆ ಒಳ್ಳೇದು," ಎಂದು ಫೋನಿಟ್ಟರು.

ನಲವತ್ತು ಬಟ್ಟೆಯ ಮುಖವಾಡ ಎಷ್ಟು ಭಾರವಿರುತ್ತದೆ? ಒಂದು ಕೈಚೀಲದಷ್ಟು. ನಾನು ಮಹಡಿಗೆ ಹೋಗಿ ಹೇಳಿದೆ. ಕಿಯೊತೊ ನನ್ನ ಮುಖವನ್ನೇ ನೋಡಿದ.

"ಮಾತಾಡಬಾರದು," ಎಂದೆ. "ನಿನ್ನ ದನಿ ಎಲ್ಲರಿಗೂ ಗೊತ್ತು. ಜನರ ನಡುವೆ ಕೂತು ಅಲ್ಲಿಂದಲೇ ತಲೆ ಬಾಗಿಸು. ಅವನಿಗೆ ಗೊತ್ತಾಗದಿದ್ದರೂ ಬಾಗಿಸಿದ್ದು ಬಾಗಿಸಿದ್ದೇ."

"ಅಷ್ಟು ಸಾಕು ಅತ್ತೆ," ಎಂದ. ಅಷ್ಟು ಸಾಲದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಭಾನುವಾರ ಹನ್ನೊಂದರ ರೈಲು. ಟೊಪ್ಪಿಗೆಯನ್ನು ಮೂಗಿನವರೆಗೆ ಇಳಿಸಿ, ನನ್ನ ಕೈಚೀಲವನ್ನು ಎದೆಗೆ ಅವಚಿಕೊಂಡು ಅವನು ಮೂಲೆಯಲ್ಲಿ ನಿಂತ. ಆರು ವಾರದ ಮೇಲೆ ಹೊರಗೆ ಬಂದಿದ್ದ. ಹಸಿರು ಗದ್ದೆಗಳನ್ನು ಎಷ್ಟು ಆಸೆಯಿಂದ ನೋಡುತ್ತಿದ್ದನೆಂದರೆ ನನಗೆ ಅವನ ಕಡೆ ನೋಡಲಾಗಲಿಲ್ಲ. ಕ್ರೀಡಾಂಗಣದ ಹಿಂದೆ ಮರದ ನೆರಳಲ್ಲಿ ಚೀಲದಿಂದ ಒಂದು ಮುಖವಾಡ ತೆಗೆದು ಹಾಕಿ, ಲೇಸು ಕಟ್ಟಿದೆ. ಒಳಗೆ ಆಗಲೇ ಹತ್ತು ಹದಿನೈದು ಮಿಂಚುಳ್ಳಿಗಳು ಇದ್ದರು. ಮಕ್ಕಳು, ಹೊಟ್ಟೆ ಬಂದ ಗಂಡಸರು, ಒಬ್ಬ ಅಜ್ಜಿ. ಇನ್ನೊಬ್ಬ ಸೇರಿದ್ದನ್ನು ಯಾರೂ ಗಮನಿಸಲಿಲ್ಲ. ಅವನು ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕುಳಿತ. ನಾನು ಮಾರಾಟದ ಮೇಜಿನ ಹತ್ತಿರ ನಿಂತೆ.

ಮಧ್ಯಂತರ ಮುಗಿದ ಮೇಲೆ ತೊಗಾಶಿ ಬಂದ. ಕತ್ತಿಗೆ ಬಿಳಿ ಪಟ್ಟಿ, ಮೈಗೆ ಸ್ವಲ್ಪ ಚಿಕ್ಕದಾದ ಕಪ್ಪು ಸೂಟು. ಯಾರದೋ ಎರವಲು ಇರಬೇಕು. ರಿಂಗಿನ ನಡುವೆ ನಿಂತ. ದೀಪಗಳು ಕಂದಿದವು. ಗಂಟೆ ಹೊಡೆಯತೊಡಗಿತು. ಒಂದು, ಎರಡು, ಮೂರು. ಆ ಹತ್ತು ಗಂಟೆ ಮುಗಿಯುವವರೆಗೆ ಸಭೆಯಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಹತ್ತನೆಯದು ಸಣ್ಣಗಾಗಿ ಅಡಗಿತು. ಉದ್ಘೋಷಕ ಕೊನೆಯ ಬಾರಿಗೆ ಅವನ ಹೆಸರನ್ನು, ಊರನ್ನು, ತೂಕವನ್ನು ಕೂಗಿದ. ಎಲ್ಲ ಕಡೆಯಿಂದ ಹಳದಿ ಸುರುಳಿಗಳು ಹಾರಿದವು. ಕಪ್ಪು ಚಡ್ಡಿಯ ಹಂತ ದಾಟದ ಹುಡುಗನೊಬ್ಬನಿಗೆ ಅಷ್ಟು ಸುರುಳಿ ಬಿದ್ದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ತೊಗಾಶಿಯ ಹೆಗಲು, ಕಿವಿ, ಬೂಟು ಎಲ್ಲ ಹಳದಿಯಾಯಿತು.

ಆಗ ಅದು ಆಯಿತು. ಸುರುಳಿಗಳು ನೆಲ ಮುಟ್ಟಿದ್ದೇ ತಡ, ಮೊದಲ ಸಾಲಿನಲ್ಲಿದ್ದ ಒಬ್ಬ ಮಿಂಚುಳ್ಳಿ ಕಬ್ಬಿಣದ ತಡೆಯನ್ನು ಒಂದೇ ನೆಗೆತಕ್ಕೆ ದಾಟಿ, ಕೆಳಗಿನ ಹಗ್ಗದಡಿ ಉರುಳಿ, ರಿಂಗಿನೊಳಗಿದ್ದ. ಯೋಚಿಸಿ ಮಾಡಿದ್ದಲ್ಲ. ನನಗದು ಖಂಡಿತ ಗೊತ್ತು. ಮುನ್ನೂರು ಸಲ ಮಾಡಿದ್ದನ್ನು ಮೈ ತಾನೇ ಮಾಡಿತು. ಎರಡು ತೋಳುಗಳಲ್ಲಿ ಬಾಚಿದ, ಗಲ್ಲದಿಂದ ಒತ್ತಿದ, ಹಿಂದೆ ಹಿಂದೆ ಹೆಜ್ಜೆ ಇಟ್ಟ. ಆಮೇಲೆ ತಾನು ಎಲ್ಲಿದ್ದೇನೆಂದು ಹೊಳೆದು, ಕಾಗದ ತುಂಬಿದ ತೋಳುಗಳೊಂದಿಗೆ ಕಲ್ಲಾಗಿ ನಿಂತ.

ಮೂಲೆಯಲ್ಲಿ ಆ ಕೆಲಸಕ್ಕೆಂದೇ ನಿಂತಿದ್ದ ಇಬ್ಬರು ಹೊಸ ಹುಡುಗರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಗರಡಿಯ ಹಿರಿಯ ಓನುಕಿ ಕೆಳಗಿನಿಂದ ರಿಂಗಿನ ಕಡೆ ಧಾವಿಸಿದರು. ನನ್ನ ಕೈಯಲ್ಲಿದ್ದ ಮುಖವಾಡ ಜಾರಿತು. ಮುಗಿಯಿತು ಅಂದುಕೊಂಡೆ.

ತೊಗಾಶಿ ಆ ಮಿಂಚುಳ್ಳಿಯನ್ನು ನೋಡಿದ. ಮುಖವನ್ನಲ್ಲ, ಅಲ್ಲಿ ನೋಡಲು ಏನಿತ್ತು? ತೋಳುಗಳನ್ನು, ಗಲ್ಲವನ್ನು, ಹಿಂದಕ್ಕಿಟ್ಟ ಕಾಲನ್ನು ನೋಡಿದ. ಆಮೇಲೆ ಉದ್ಘೋಷಕನ ಮೈಕನ್ನು ತೆಗೆದುಕೊಂಡು ಬಾಯಿಗೆ ತಂದ.

"ಲೇ, ಮೂಲೇಲಿ ನಿಂತಿರೋ ಹೊಸಬರೇ," ಎಂದ. "ನೋಡಿ ಕಲೀರಿ. ದುಡ್ಡು ಕೊಟ್ಟು ಬಂದ ಅಭಿಮಾನಿಗೆ ಗೊತ್ತಿರೋ ಕೆಲಸ ನಿಮಗೆ ಬರಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು. ಓನುಕಿ ಹಗ್ಗದ ಬಳಿ ನಿಂತುಬಿಟ್ಟರು.

ಕಿಯೊತೊ ಬಾಗಿದ. ಸೊಂಟದಿಂದ, ನೇರವಾಗಿ, ತಲೆ ಮಂಡಿಯ ಹತ್ತಿರ ಬರುವವರೆಗೆ. ತೋಳುಗಳಿಂದ ಹಳದಿ ಕಾಗದ ಸೋರಿ ನೆಲಕ್ಕೆ ಬಿತ್ತು. ಅವನು ಏಳಲಿಲ್ಲ. ನಗು ನಿಂತಿತು. ಬೆನ್ನು ನಡುಗುತ್ತಿದ್ದದ್ದು ನಾನು ನಿಂತಲ್ಲಿಗೂ ಕಾಣುತ್ತಿತ್ತು. ಅಭಿಮಾನಿಯೊಬ್ಬ ಅಳುತ್ತಿದ್ದಾನೆಂದು ಜನ ತಿಳಿದಿರಬೇಕು. ಒಬ್ಬ ಹೆಂಗಸು, "ತೊಗಾಶಿ, ಇಷ್ಟು ದಿನ ಕಷ್ಟಪಟ್ಟೆ ಕಣಪ್ಪ!" ಎಂದು ಕೂಗಿದಳು.

ತೊಗಾಶಿ ಮೈಕ್ ಕೆಳಗಿಟ್ಟ. ಕತ್ತಿನ ಪಟ್ಟಿಯಿಂದಾಗಿ ಬಗ್ಗಲಾರದೆ, ಬೆನ್ನು ನೆಟ್ಟಗಿಟ್ಟುಕೊಂಡೇ ಎರಡೂ ಮಂಡಿ ಊರಿದ. ಬಿದ್ದಿದ್ದ ಸುರುಳಿಗಳನ್ನು ಬಲಗೈಯಿಂದ ತನ್ನ ಕಡೆ ಎಳೆದುಕೊಳ್ಳತೊಡಗಿದ. ಸ್ವಲ್ಪ ಹೊತ್ತಿಗೆ ಮಿಂಚುಳ್ಳಿಯೂ ಎದುರಿಗೆ ಮಂಡಿಯೂರಿದ. ಇಬ್ಬರೂ ಸೇರಿ ರಿಂಗನ್ನು ಒಂದು ಎಳೆಯೂ ಉಳಿಯದ ಹಾಗೆ ಬಾಚಿದರು. ಈ ಸಲ ಎಂಟಕ್ಕೆ ಮುಗಿಯಲಿಲ್ಲ. ತೊಗಾಶಿಯ ಎಡಗೈ ಸರಿಯಾಗಿ ಹಿಡಿಯುತ್ತಿರಲಿಲ್ಲ, ಅದರಿಂದ ಜಾರಿದ್ದನ್ನೆಲ್ಲ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಯಾರೂ ಅವಸರಪಡಿಸಲಿಲ್ಲ.

ಆಮೇಲೆ ಓನುಕಿ ಮಿಂಚುಳ್ಳಿಯ ಕೊರಳಪಟ್ಟಿ ಹಿಡಿದು, "ಸಾಕು, ನಡಿಯಪ್ಪ ಅಭಿಮಾನಿ," ಎಂದು ಎಲ್ಲರಿಗೂ ಕೇಳುವಂತೆ ಗದರಿಸಿ ಎಳೆದುಕೊಂಡು ಹೋದರು. ನಾನು ಮಾರಾಟದ ಮೇಜಿನ ಹಿಂದಿನಿಂದ ಓಡಿದೆ. ಹಿಂದಿನ ಬಾಗಿಲಾಚೆ, ಸಾಮಾನು ಸಾಗಿಸುವ ಲಾರಿಯ ನೆರಳಲ್ಲಿ ಅವರಿಬ್ಬರೂ ನಿಂತಿದ್ದರು. ಕಿಯೊತೊನ ಕೈ ಲೇಸಿನ ಗಂಟಿಗೆ ಹೋಗಿತ್ತು.

"ತೆಗೀಬೇಡ," ಎಂದರು ಓನುಕಿ. "ನೀನು ತೆಗೆದರೆ ನಾನು ನೋಡಿದ ಹಾಗಾಗುತ್ತೆ. ನೋಡಿದರೆ ಯಜಮಾನರಿಗೆ ಹೇಳಬೇಕಾಗುತ್ತೆ. ನಾನು ಯಾರನ್ನೂ ನೋಡಿಲ್ಲ." ಆ ಮುಖವಾಡದ ನೆತ್ತಿಯ ಮೇಲೆ ಮೊಟಕಿದರು. ಮೊಟಕಿದ ಕೈಯನ್ನು ತಕ್ಷಣ ತೆಗೆಯಲಿಲ್ಲ. "ಸೆಪ್ಟೆಂಬರಲ್ಲಿ ಬರ್ತೀಯಲ್ಲ, ಆಗ ಬೈತೀನಿ. ಎಲ್ಲಾ ಸೇರಿಸಿ ಬೈತೀನಿ."

ಅವರು ಒಳಗೆ ಹೋದರು. ಕಿಯೊತೊ ಲಾರಿಯ ಚಕ್ರಕ್ಕೆ ಒರಗಿ ಕುಳಿತ. ಮುಖವಾಡದ ಕಣ್ಣಿನ ಸುತ್ತ ಬಟ್ಟೆ ಒದ್ದೆಯಾಗಿ, ನೀಲಿ ಕಪ್ಪಾಗಿತ್ತು. ನಾನು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದೆ. ನಾಲ್ಕರ ರೈಲಿಗೆ ಹೊರಡಬೇಕಿತ್ತು. ಗ್ಯೋದಾಕ್ಕೆ, ಮಹಡಿಗೆ, ಮುಚ್ಚಿದ ಕಿಟಕಿಯ ಕೆಳಗೆ. ಆಮೇಲೆ ಸೆಪ್ಟೆಂಬರ್, ಆಮೇಲೆ ಹದಿನಾಲ್ಕು ವರ್ಷ ಆ ಮುಖವಾಡ. ಅಷ್ಟು ವರ್ಷವೆಂದು ಆಗ ನಮಗೆ ತಿಳಿದಿರಲಿಲ್ಲ.

ಬಾಗಿಲು ಮತ್ತೆ ತೆರೆಯಿತು. ತೊಗಾಶಿ. ಸೂಟಿನ ಹೆಗಲಿನ ಮೇಲೆ ಇನ್ನೂ ಒಂದು ಹಳದಿ ಎಳೆ ಇತ್ತು. ನಮ್ಮವರು ಪಂದ್ಯಕ್ಕೆ ಮೊದಲು ಉಣ್ಣುವುದಿಲ್ಲ. ಆಡುವ ಪ್ರತಿಯೊಬ್ಬರಿಗೂ ಅವರ ಹೆಸರು ಬರೆದ ಒಂದೊಂದು ಊಟದ ಡಬ್ಬಿಯನ್ನು ಮಧ್ಯಾಹ್ನವೇ ತೆಗೆದಿಟ್ಟಿರುತ್ತಾರೆ. ಅವತ್ತು ಆಡದಿದ್ದರೂ ತೊಗಾಶಿಯ ಹೆಸರಿನಲ್ಲೂ ಒಂದನ್ನು ಯಾರೋ ಇಟ್ಟಿದ್ದರು, ಅದನ್ನೇ ಅವನು ತಂದಿದ್ದ. ಅವನು ನನಗೆ ಕಣ್ಣಲ್ಲೇ ನಮಸ್ಕರಿಸಿದ. ಮಿಂಚುಳ್ಳಿಯ ಮುಂದೆ ಬಂದು ನಿಂತ. ಡಬ್ಬಿಯನ್ನು ಬಲಗೈಯಲ್ಲಿ ಹಿಡಿದು, ಬೆರಳು ಮಡಚದ ಎಡಗೈಯನ್ನೂ ಅದರ ಕೆಳಗೆ ಕೊಟ್ಟು, ಅವನ ಮುಂದೆ ಚಾಚಿದ.